ಐದು ಅರಸುಮನೆಗಳು, ಒಂದು ಮದುವೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಪಾಠ ಮಾಡಿದ ಮೇಷ್ಟ್ರು ಈಗ ಎಂದೂ ನಡೆಯದ ಯುದ್ಧಗಳ ಬಗ್ಗೆ ಬರೆಯಹೊರಟರೆ ವಯಸ್ಸಿನ ದೋಷವೆಂದು ನೀವು ನಕ್ಕೀರಿ. ನಗಬಹುದು. ನಾನೂ ಮೊದಲು ನಕ್ಕವನೇ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ನಾಲ್ಕು ದಿನ ರಜೆ ಹಾಕಿ ಬಂದಿದ್ದ. ಅವನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ದಪ್ಪ ದಪ್ಪ ಪುಸ್ತಕಗಳು, ಷಡ್ಭುಜಾಕಾರದ ಮನೆಗಳನ್ನು ಮುದ್ರಿಸಿದ ಹಾಸು, ಒಂದಷ್ಟು ದಾಳ, ಹೆಬ್ಬೆರಳುದ್ದದ ಯಂತ್ರಮಾನವರಂಥ ಕಾಯಿಗಳು. ಅದು ಬ್ಯಾಟಲ್‌ಟೆಕ್ ಎಂಬ ಯುದ್ಧದಾಟ. ಚೌಕಾಬಾರದಂತೆ ಮೇಜಿನ ಮೇಲೆ ಹರಡಿಕೊಂಡು ಇಬ್ಬರು ಕುಳಿತು ಆಡುವುದು. ಆಟ ನನಗೆ ಹಿಡಿಸಲಿಲ್ಲ. ಒಂದು ಗುಂಡು ಹಾರಿಸಲು ಐದು ಲೆಕ್ಕ ಕೂಡಿಸಿ ಕಳೆಯಬೇಕು. ಆದರೆ ಆಟದ ಜೊತೆಗಿದ್ದ ನಕ್ಷೆಯೊಂದನ್ನು ಅವನು ಬಿಚ್ಚಿದಾಗ ನನ್ನ ಕಣ್ಣು ಅಲ್ಲೇ ನೆಟ್ಟಿತು. ನಡುವೆ ನಮ್ಮ ಭೂಮಿ. ಅದರ ಸುತ್ತ, ಕತ್ತರಿಸಿಟ್ಟ ಹೋಳಿಗೆಯ ತುಂಡುಗಳಂತೆ ಐದು ರಾಜ್ಯಗಳು. ಮೇಲೆ ಎಡಕ್ಕೆ ಸ್ಟೈನರ್ ಮನೆತನ, ಬಲಕ್ಕೆ ಕುರಿಟಾ, ಅದರ ಕೆಳಗೆ ಡೇವಿಯನ್, ತಳದಲ್ಲಿ ಲಿಯಾವೊ, ಎಡಬದಿಯಲ್ಲಿ ಮಾರಿಕ್.

"ಮಾವ, ನೀವು ಇತಿಹಾಸದ ಮೇಷ್ಟ್ರಲ್ಲವೇ? ಈ ಐವರಲ್ಲಿ ಯಾರು ಯಾರ ಜೊತೆ ಸೇರಿಕೊಳ್ಳುತ್ತಾರೆ, ಹೇಳಿ ನೋಡೋಣ" ಎಂದ.

ನಾನು ನಕ್ಷೆಯನ್ನು ಒಂದು ನಿಮಿಷ ನೋಡಿ, ಸ್ಟೈನರೂ ಡೇವಿಯನ್ನೂ ಒಂದಾಗುತ್ತಾರೆ ಎಂದೆ. ಅವನು ಬೆಪ್ಪಾದ. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಆರನೆಯ ಅಧಿಕರಣದಲ್ಲಿ ಮಂಡಲದ ವಿಚಾರವಿದೆ: ಗಡಿಗೆ ತಾಗಿದವನು ಅರಿ, ಅವನಾಚೆಗಿನವನು ಮಿತ್ರ. ಐದು ರಾಜ್ಯಗಳನ್ನು ದುಂಡಗೆ ಕೂರಿಸಿದರೆ ಪ್ರತಿಯೊಬ್ಬನಿಗೂ ಇಬ್ಬರು ನೆರೆಯವರು, ಗಡಿ ತಾಗದವರು ಇಬ್ಬರು. ಸ್ಟೈನರಿಗೂ ಡೇವಿಯನ್ನಿಗೂ ಗಡಿ ತಾಗುವುದಿಲ್ಲ, ಇಬ್ಬರ ಗಡಿಗೂ ತಾಗಿಕೊಂಡವನು ಕುರಿಟಾ. ಇನ್ನೇನು ಬೇಕು? ಆದರೆ ಮರುದಿನ ಅವನು ಕೇಳಿದ ಇನ್ನೊಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಈ ಲೇಖನ ಆ ತಪ್ಪು ಉತ್ತರದ ಬಗ್ಗೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಪೀಠಿಕೆ ಅಗತ್ಯ.

ಈ ಆಟವನ್ನು ಹೊರತಂದದ್ದು ಅಮೆರಿಕದ ಚಿಕಾಗೋ ನಗರದ ಫಾಸಾ ಎಂಬ ಸಣ್ಣ ಸಂಸ್ಥೆ, 1984ರಲ್ಲಿ. ಜೋರ್ಡನ್ ವೈಸ್‌ಮನ್ ಮತ್ತು ರಾಸ್ ಬ್ಯಾಬ್‌ಕಾಕ್ ಎಂಬಿಬ್ಬರು ತರುಣರು ಕಟ್ಟಿದ ಸಂಸ್ಥೆ ಅದು. ಮೊದಲಿಗೆ ಆಟದ ಹೆಸರು ಬ್ಯಾಟಲ್‌ಡ್ರಾಯ್ಡ್ಸ್ ಎಂದಿತ್ತು. ಡ್ರಾಯ್ಡ್ ಎಂಬ ಪದ ತನ್ನದೆಂದು ಸ್ಟಾರ್ ವಾರ್ಸ್ ಚಿತ್ರದ ಲೂಕಸ್‌ಫಿಲ್ಮ್ ತಕರಾರು ತೆಗೆದಿದ್ದರಿಂದ ಮರುವರ್ಷವೇ ಹೆಸರು ಬದಲಾಯಿತು. 2001ರಲ್ಲಿ ಫಾಸಾ ತನ್ನ ವ್ಯವಹಾರ ನಿಲ್ಲಿಸಿತು. ಆಟ ಮಾತ್ರ ಕೈಯಿಂದ ಕೈಗೆ ಹೋಗಿ ಇಂದಿಗೂ ಉಳಿದಿದೆ. ಉಳಿದದ್ದು ಏಕೆಂದರೆ, ನನ್ನ ಅಭಿಪ್ರಾಯದಲ್ಲಿ, ದಾಳಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಕಥೆಯ ಬಲದಿಂದ. ಆ ಕಥೆಯನ್ನು ಕಾದಂಬರಿಗಳಾಗಿಯೂ ಬರೆದರು, ಗಂಭೀರ ಚರಿತ್ರೆಯ ಗ್ರಂಥಗಳ ಹಾಗೆಯೂ ಬರೆದರು. ಇಸವಿ, ವಂಶಾವಳಿ, ಕರಾರುಗಳ ಕಲಮುಗಳು ಎಲ್ಲವನ್ನೂ ಕೊಟ್ಟು.

ಆ ಕಥೆಯ ಪ್ರಕಾರ ಮನುಷ್ಯ ನಕ್ಷತ್ರಗಳಲ್ಲಿ ನೆಲೆಸಿದ್ದಾನೆ. ಹಡಗುಗಳು ಒಂದು ನೆಗೆತಕ್ಕೆ 30 ಜ್ಯೋತಿರ್ವರ್ಷ ದಾಟುತ್ತವೆ, ಆಮೇಲೆ ಮುಂದಿನ ನೆಗೆತಕ್ಕೆ ಶಕ್ತಿ ತುಂಬಿಕೊಳ್ಳಲು ಒಂದು ವಾರ ಸೂರ್ಯನ ಮುಂದೆ ಹಾಯಿ ಬಿಚ್ಚಿ ನಿಲ್ಲುತ್ತವೆ. 2571ರಲ್ಲಿ ಭೂಮಿಯ ಅಧಿಪತಿ ಇಯಾನ್ ಕ್ಯಾಮರಾನ್ ಎಂಬವನು ಐದೂ ಮನೆತನಗಳನ್ನು ಸೇರಿಸಿ ಸ್ಟಾರ್ ಲೀಗ್ ಎಂಬ ಒಕ್ಕೂಟ ಕಟ್ಟಿದ. ಎರಡು ಶತಮಾನ ಕಳೆಯುವ ಹೊತ್ತಿಗೆ, 2766ರಲ್ಲಿ, ಆ ವಂಶದ ಕೊನೆಯ ತರುಣ ದೊರೆಯನ್ನು ಅವನ ಆಪ್ತಮಿತ್ರನೇ ಆಗಿದ್ದ ಸ್ಟೀಫನ್ ಅಮಾರಿಸ್ ಕೊಂದು ಪೀಠ ಏರಿದ. ಮಹಾದಂಡನಾಯಕ ಅಲೆಕ್ಸಾಂಡರ್ ಕೆರೆನ್‌ಸ್ಕಿ ಹದಿಮೂರು ವರ್ಷ ಹೋರಾಡಿ 2779ರಲ್ಲಿ ಭೂಮಿಯನ್ನು ಬಿಡಿಸಿಕೊಂಡ. ಬಿಡಿಸಿಕೊಂಡು ಏನು ಬಂತು? ಐದು ಮನೆತನದವರೂ ಖಾಲಿ ಪೀಠಕ್ಕೆ ನಾನೇ ಹಕ್ಕುದಾರನೆಂದು ಕಚ್ಚಾಡತೊಡಗಿದರು. ಬೇಸತ್ತ ಕೆರೆನ್‌ಸ್ಕಿ 2784ರಲ್ಲಿ ತನ್ನ ಸೈನ್ಯದ ಬಹುಭಾಗವನ್ನು ಕಟ್ಟಿಕೊಂಡು ಯಾರೂ ಕಾಣದ ದೂರಕ್ಕೆ ಹೊರಟುಹೋದ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮುಂದಿನದು ಉತ್ತರಾಧಿಕಾರ ಯುದ್ಧಗಳು. 2786ರಲ್ಲಿ ಶುರುವಾದದ್ದು ಅಲ್ಪಸ್ವಲ್ಪ ಬಿಡುವುಗಳೊಂದಿಗೆ ಎರಡು ಶತಮಾನಕ್ಕೂ ಮೀರಿ ನಡೆದವು. ಕಾರ್ಖಾನೆಗಳು ಸುಟ್ಟವು, ವಿದ್ಯೆ ಮರೆತುಹೋಯಿತು, ತಾತನ ಯಂತ್ರವನ್ನು ಮೊಮ್ಮಗ ತೇಪೆ ಹಾಕಿ ಓಡಿಸುವ ಕಾಲ ಬಂತು. ಇವುಗಳಲ್ಲಿ ಒಂದು ಘಟನೆಯನ್ನು ಮಾತ್ರ ಹೇಳುತ್ತೇನೆ. 2796ರಲ್ಲಿ ಡೇವಿಯನ್ನರ ಕೆಂಟಾರೆಸ್ ಎಂಬ ಲೋಕವನ್ನು ಗೆದ್ದ ಮಿನೋರು ಕುರಿಟಾನನ್ನು ಮರೆಯಲ್ಲಿದ್ದ ಬಂದೂಕುಗಾರನೊಬ್ಬ ಹೊಡೆದು ಕೊಂದ. ಸೇಡಿಗೆ ಅವನ ಮಗ ಜಿಂಜಿರೋ, ಆ ಲೋಕದ ನಿವಾಸಿಗಳೆಲ್ಲರನ್ನೂ ಕೊಲ್ಲಲು ಆಜ್ಞಾಪಿಸಿದ. ಸತ್ತವರು 5 ಕೋಟಿ 20 ಲಕ್ಷ ಎಂದು ಗ್ರಂಥ ಹೇಳುತ್ತದೆ. ಅಂದಿನಿಂದ ಡೇವಿಯನ್ ಮತ್ತು ಕುರಿಟಾ ಎಂದರೆ ಹಾವು ಮುಂಗುಸಿ.

ಭೂಮಿಯನ್ನು ಈ ಐವರಲ್ಲಿ ಯಾರೂ ಪಡೆಯಲಿಲ್ಲ. ಅದನ್ನು 2788ರಲ್ಲಿ ಹಿಡಿದುಕೊಂಡವನು ಸಂಪರ್ಕ ಮಂತ್ರಿಯಾಗಿದ್ದ ಜೆರೋಮ್ ಬ್ಲೇಕ್. ಅವನು ಕಟ್ಟಿದ ಕಾಮ್‌ಸ್ಟಾರ್ ಎಂಬ ಸಂಸ್ಥೆ ನಕ್ಷತ್ರದಿಂದ ನಕ್ಷತ್ರಕ್ಕೆ ಸಂದೇಶ ರವಾನಿಸುವ ಏಕೈಕ ವ್ಯವಸ್ಥೆಯಾಯಿತು. ಅವನ ನಂತರ ಬಂದ ಟೋಯಾಮಾ ಅದನ್ನು ಮಠವನ್ನಾಗಿ ಮಾಡಿದ. ನಿಲುವಂಗಿ ತೊಟ್ಟ ತಂತ್ರಜ್ಞರು ಮಂತ್ರ ಹೇಳಿ ಯಂತ್ರದ ಗುಂಡಿ ಒತ್ತತೊಡಗಿದರು. ಒಂದು ಊರಿನ ಐದು ಶತ್ರುಮನೆಗಳ ಕಾಗದವನ್ನೂ ಒಬ್ಬನೇ ಅಂಚೆಯವನು ಹಂಚುತ್ತಾನೆ, ಹಂಚುವ ಮುನ್ನ ಎಲ್ಲವನ್ನೂ ಓದುತ್ತಾನೆ, ಇಷ್ಟವಿಲ್ಲದಿದ್ದರೆ ಒಂದು ಮನೆಯ ಟಪಾಲನ್ನೇ ನಿಲ್ಲಿಸಿಬಿಡುತ್ತಾನೆ ಎಂದಿಟ್ಟುಕೊಳ್ಳಿ. ಆ ಊರಿನಲ್ಲಿ ಪಂಚಾಯತಿ ಯಾರದು? ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 1987-88ರಲ್ಲಿ ಫಾಸಾ ಹೊರತಂದ ಐದು ಮನೆತನಗಳ ಚರಿತ್ರೆಯ ಗ್ರಂಥಗಳನ್ನು ಈ ಕಾಮ್‌ಸ್ಟಾರೇ ಸಂಕಲಿಸಿದ್ದೆಂಬ ಸೋಗಿನಲ್ಲಿ ಬರೆದಿದ್ದಾರೆ. ಅಂದರೆ ಓದುವವನು ಪ್ರತಿ ಸಾಲಿಗೂ, ಇದನ್ನು ಬರೆದವನಿಗೆ ಇದರಿಂದ ಏನು ಲಾಭ ಎಂದು ಕೇಳಿಕೊಳ್ಳಬೇಕು. ಆಕರ ವಿಮರ್ಶೆ ಎಂದು ಬಿ.ಎಡ್. ತರಗತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇದನ್ನೇ. ಅದನ್ನು ದಾಳದಾಟದ ಹುಡುಗರು ಯಾರೂ ಹೇಳಿಕೊಡದೆ ಮಾಡುತ್ತಾರೆ.

ಈಗ ಮದುವೆಗೆ ಬರೋಣ. 3020ರಲ್ಲಿ ಸ್ಟೈನರ್ ಮನೆತನದ ಒಡತಿ ಕತ್ರೀನಾ, ಉಳಿದ ನಾಲ್ವರಿಗೂ ಶಾಂತಿಯ ಓಲೆ ಕಳಿಸಿದಳು. ನಾಲ್ವರಲ್ಲಿ ಮನಸ್ಸಿಟ್ಟು ಉತ್ತರಿಸಿದವನು ಒಬ್ಬನೇ: ಹಾನ್ಸ್ ಡೇವಿಯನ್. ಗುಳ್ಳೆನರಿಯೆಂದೇ ಹೆಸರಾದವನು. ಅವನು 3013ರಲ್ಲಿ ಪಟ್ಟವೇರಿದ್ದು ಅಣ್ಣ ಇಯಾನ್ ಕುರಿಟಾ ಸೈನ್ಯದ ಕೈಯಲ್ಲಿ ಸತ್ತಿದ್ದರಿಂದ. 3022ರಲ್ಲಿ ಗುಟ್ಟಾಗಿ ಕರಾರಾಯಿತು. ಅದರ ತಿರುಳು ಒಂದೇ: ಕತ್ರೀನಾಳ ಮಗಳು ಮೆಲಿಸ್ಸಾಳನ್ನು ಹಾನ್ಸ್ ಮದುವೆಯಾಗಬೇಕು, ಹುಟ್ಟುವ ಮಗು ಎರಡೂ ರಾಜ್ಯಗಳನ್ನು ಆಳಬೇಕು. ಆಗ ಹುಡುಗಿಗೆ ಹನ್ನೆರಡು ವರ್ಷ, ಹಾನ್ಸನಿಗೆ ಮೂವತ್ತೊಂಬತ್ತು.

ಗುಟ್ಟು ಎಷ್ಟು ದಿನ ನಿಂತೀತು? 3024ರಲ್ಲಿ ಉಳಿದ ಮೂವರು, ಅಂದರೆ ಕುರಿಟಾ, ಲಿಯಾವೊ, ಮಾರಿಕ್, ಕ್ಯಾಪ್ಟೈನ್ ಎಂಬಲ್ಲಿ ತಾವೂ ಒಪ್ಪಂದ ಮಾಡಿಕೊಂಡರು. ನಕ್ಷೆಯನ್ನು ನೋಡಿದ ಕೂಡಲೇ ಈ ಎರಡನೆಯ ಕೂಟದ ಸಡಿಲವಾದ ಕೀಲು ಕಾಣುತ್ತದೆ. ಲಿಯಾವೊ ಮತ್ತು ಮಾರಿಕ್ ನೆರೆಯವರು. ಶತಮಾನಗಳ ಗಡಿತಂಟೆ ಅವರಿಬ್ಬರದು. ಭಯ ಅವರನ್ನು ಒಂದೇ ಕಾಗದಕ್ಕೆ ಸಹಿ ಹಾಕಿಸಿತು. ಕಾಗದ ಗಡಿಯನ್ನು ಅಳಿಸಲಿಲ್ಲ.

ಮದುವೆ ನಡೆದದ್ದು 3028ರ ಆಗಸ್ಟ್ 20ರಂದು, ಭೂಮಿಯಲ್ಲಿ, ಕಾಮ್‌ಸ್ಟಾರ್ ಮಠದವರ ಆತಿಥ್ಯದಲ್ಲಿ. ಐದೂ ಮನೆತನದ ದೊರೆಗಳಿಗೆ ಆಹ್ವಾನ. ವರ ವಧುವಿಗೆ ಉಡುಗೊರೆ ಕೊಡುವ ಶಾಸ್ತ್ರದ ಹೊತ್ತಿಗೆ ಹಾನ್ಸ್ ಎದ್ದುನಿಂತು, ನಿನಗೆ ಲಿಯಾವೊನ ರಾಜ್ಯವನ್ನೇ ಕೊಡುತ್ತಿದ್ದೇನೆ ಎಂದ. ಮ್ಯಾಕ್ಸಿಮಿಲಿಯನ್ ಲಿಯಾವೊ ಅದೇ ಪಂಕ್ತಿಯಲ್ಲಿ ಕುಳಿತಿದ್ದ. ಆ ವೇಳೆಗಾಗಲೇ ಡೇವಿಯನ್ ಸೈನ್ಯ ಗಡಿ ದಾಟುತ್ತಿತ್ತು. ನಾಲ್ಕನೆಯ ಉತ್ತರಾಧಿಕಾರ ಯುದ್ಧ ಮದುವೆಯ ಊಟದಲ್ಲಿ ಆರಂಭವಾಯಿತು.

ಕಥೆಯ ಈ ಭಾಗವನ್ನು ಓದುತ್ತಿರುವಾಗ ನನಗೆ ಚಾಂದ್ ಬೀಬಿಯ ನೆನಪು ಬಂತು. ಅಹಮದ್‌ನಗರದ ಹುಸೇನ್ ನಿಜಾಮ್ ಷಾ ತನ್ನ ಮಗಳನ್ನು ಬಿಜಾಪುರದ ಅಲಿ ಆದಿಲ್ ಷಾಗೆ ಕೊಟ್ಟು, ಎರಡೂ ರಾಜ್ಯಗಳು ಹೊಡೆದಾಡುತ್ತಿದ್ದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟ. ಅದರ ಬೆನ್ನಿಗೇ 1565 ಬಂತು. ಮುಂದಿನದು ನಿಮಗೆ ಗೊತ್ತು. ತಾಳಿಕೋಟೆಯ ಪಾಠದಲ್ಲಿ ಆ ಮದುವೆಗೆ ನಾನು ಕೊಟ್ಟದ್ದು ಒಂದು ವಾಕ್ಯ. ಇಲ್ಲಿ ಮದುವೆಯೇ ಇಡೀ ಅಧ್ಯಾಯ.

ಯುದ್ಧವನ್ನು ವರ್ಣಿಸಲಾರೆ, ಅದಕ್ಕೆ ಮೈಕಲ್ ಸ್ಟ್ಯಾಕ್‌ಪೋಲ್ ಬರೆದ ಮೂರು ಕಾದಂಬರಿಗಳಿವೆ. ಹಾನ್ಸ್ ದಕ್ಷಿಣದಲ್ಲಿ ಲಿಯಾವೊನ ಮೇಲೆ ಬಿದ್ದ, ಬೀಗರಾದ ಸ್ಟೈನರರು ಉತ್ತರದಲ್ಲಿ ಕುರಿಟಾನನ್ನು ಕೆಣಕಿ ಅಲ್ಲೇ ಕಟ್ಟಿಹಾಕಿದರು. ಮಾರಿಕ್ ಏನು ಮಾಡಿದ? ಹೆಚ್ಚುಕಡಿಮೆ ಏನೂ ಮಾಡಲಿಲ್ಲ. ಕೌಟಿಲ್ಯನ ಷಾಡ್ಗುಣ್ಯದಲ್ಲಿ ಇದಕ್ಕೆ ಆಸನ ಎಂದು ಹೆಸರು: ಸುಮ್ಮನೆ ಕುಳಿತಿರುವುದು. ಲಿಯಾವೊ ಸುಮಾರು ಅರ್ಧ ರಾಜ್ಯ ಕಳೆದುಕೊಂಡ. ಅಷ್ಟೂ ಸಾಲದೆಂಬಂತೆ 3030ರಲ್ಲಿ ಮಾರಿಕ್‌ನ ರಾಜ್ಯದಿಂದ ಬೇರೆಯಾದ ಆಂಡ್ಯೂರಿಯನ್ ಪ್ರಾಂತದವರೂ ಗಾಯಗೊಂಡಿದ್ದ ಅದೇ ಲಿಯಾವೊನ ಮೇಲೆ ಏರಿಹೋದರು.

ಕುತೂಹಲವೆಂದರೆ, ಈ ಯುದ್ಧವನ್ನು ಗೆಲ್ಲಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ನೆಂಟರ ದ್ರೋಹ. ಹಾನ್ಸನ ಭಾವ ಮೈಕಲ್ ಹಾಸೆಕ್ ಸಿಂಹಾಸನದ ಆಸೆಯಿಂದ ಲಿಯಾವೊಗೆ ಸೇನೆಯ ಗುಟ್ಟುಗಳನ್ನು ಕಳಿಸುತ್ತಿದ್ದ. ಅದು ತಿಳಿದಿದ್ದ ಹಾನ್ಸ್ ಅವನ ಕೈಗೆ ಸುಳ್ಳು ಗುಟ್ಟುಗಳನ್ನೇ ಸಿಗುವಂತೆ ಮಾಡಿದ. ಮೋಸಹೋದ ಲಿಯಾವೊ ಮೈಕಲ್‌ನನ್ನು ಕೊಂದ. ಅಂದರೆ ಹಾನ್ಸನ ದ್ರೋಹಿಯನ್ನು ಹಾನ್ಸನ ಶತ್ರುವೇ ತೀರಿಸಿದ. ಲಿಯಾವೊನ ಆಸ್ಥಾನದಲ್ಲಿ ನೆಚ್ಚಿನವನಾಗಿದ್ದ ಜಸ್ಟಿನ್ ಎಂಬವನು ಡೇವಿಯನ್ನರ ಬೇಹುಗಾರ. ಅವನನ್ನು ಪ್ರೀತಿಸಿದ ಲಿಯಾವೊನ ಹಿರಿಮಗಳು ಕ್ಯಾಂಡಸ್ ತನ್ನ ಪಾಲಿನ ಸೀಮೆಯನ್ನು ಸೇಂಟ್ ಐವ್ಸ್ ಎಂಬ ಸ್ವತಂತ್ರ ರಾಜ್ಯವೆಂದು ಸಾರಿ ಹಾನ್ಸನ ಕಡೆ ಸೇರಿದಳು. ತಂಗಿ ರೊಮಾನೋ ತಂದೆಯ ಕಡೆ ಉಳಿದಳು. ಪುಸ್ತಕವನ್ನು ಓದುತ್ತಾ ಓದುತ್ತಾ ಯಾರ ತಟ್ಟೆಯಲ್ಲಿ ಯಾರು ಉಣ್ಣುತ್ತಿದ್ದಾರೆಂದು ನನಗೆ ಗೊಂದಲವಾಗಿ, ಕೊನೆಗೆ ಹಳೆಯ ಡೈರಿಯೊಂದರಲ್ಲಿ ವಂಶವೃಕ್ಷ ಬರೆದುಕೊಂಡೆ.

ಇಲ್ಲಿ ಒಂದು ಆಕ್ಷೇಪವನ್ನು ಹೇಳದಿದ್ದರೆ ಮೇಷ್ಟ್ರ ಕೆಲಸ ಅರ್ಧವಾದೀತು. ಐದು ಮನೆತನಗಳ ಚಹರೆ ನೋಡಿ: ಡೇವಿಯನ್ನರದು ಆಂಗ್ಲ-ಫ್ರೆಂಚ್ ಬಗೆ, ಸ್ಟೈನರರದು ಜರ್ಮನ್, ಕುರಿಟಾರದು ಜಪಾನೀ, ಲಿಯಾವೊರದು ಚೀನೀ. ಶೀತಲಸಮರದ ಕೊನೆಯ ದಶಕದಲ್ಲಿ ಅಮೆರಿಕದ ತರುಣರು ಬರೆದ ಈ ಕಥೆಯಲ್ಲಿ ಒಳ್ಳೆಯವರಿಗೆ ಯುರೋಪಿನ ಹೆಸರು, ಕಪಟಿಗಳಿಗೂ ಕ್ರೂರಿಗಳಿಗೂ ಏಷ್ಯಾದ ಹೆಸರು. ಸಂಧಿಯ ಮಾತಾಡುತ್ತ ನೆರೆರಾಜ್ಯವನ್ನು ಊಟದ ಪಂಕ್ತಿಯಲ್ಲಿ ಕಬಳಿಸಿದ ಹಾನ್ಸ್ ಚತುರ, ಅದನ್ನೇ ಮಾಡಬಯಸಿದ ಲಿಯಾವೊ ಹುಚ್ಚ! ಇದನ್ನು ಹೇಳಿದಾಗ ನನ್ನ ಅಳಿಯ ಒಪ್ಪಿದ. ಮುಂದೆ ಬಂದ ಲೇಖಕರು ಇದನ್ನು ಬಹಳಷ್ಟು ತಿದ್ದಿದ್ದಾರೆಂದೂ ಹೇಳಿದ. ತಿದ್ದುವ ಕೆಲಸ ಮೊದಲಾದದ್ದು ಥಿಯೊಡೋರ್ ಕುರಿಟಾ ಎಂಬ ಪಾತ್ರದಿಂದ ಎಂದು ನನಗೆ ತೋರುತ್ತದೆ.

ಈ ಥಿಯೊಡೋರ್ ಕುರಿಟಾ ವಂಶದ ಯುವರಾಜ. ತಂದೆ ತಾಕಾಶಿ ಹಳೆಯ ಕಾಲದ ಹಟಮಾರಿ, ಮಗ ಲೆಕ್ಕಾಚಾರದವನು. ಎರಡು ಗಡಿಗಳಲ್ಲಿ ಎರಡು ಶತ್ರುಗಳು ಒಂದಾಗಿರುವಾಗ ಹಟದಿಂದ ಉಳಿಯಲಾಗದೆಂದು ಅವನಿಗೆ ಹೊಳೆಯಿತು. 3034ರಲ್ಲಿ, ಶತಮಾನಗಳಿಂದ ಕುರಿಟಾರ ಅಡಿಯಾಳಾಗಿದ್ದ ರಾಸಲ್‌ಹೇಗ್ ಸೀಮೆಗೆ ಅವನೇ ಸ್ವಾತಂತ್ರ್ಯ ಕೊಡಿಸಿದ. ಸ್ಟೈನರಿಗೂ ಕುರಿಟಾಗೂ ನಡುವೆ ಹೀಗೊಂದು ಬೇಲಿ ಎದ್ದಿತು. ಪ್ರತಿಯಾಗಿ ಕಾಮ್‌ಸ್ಟಾರ್ ಮಠದವರು ಬಚ್ಚಿಟ್ಟಿದ್ದ ಹಳೆಯ ಉತ್ತಮ ಯುದ್ಧಯಂತ್ರಗಳನ್ನು ಅವನಿಗೆ ಒದಗಿಸಿದರು. ಹಾನ್ಸ್ ಬಲವಾದಷ್ಟೂ ಅಂಚೆಯವನಿಗೆ ಭಯ, ನೋಡಿ. 3039ರಲ್ಲಿ ಹಾನ್ಸ್ ಮತ್ತೆ ದಂಡೆತ್ತಿ ಬಂದಾಗ ಥಿಯೊಡೋರ್ ತನ್ನ ಗಡಿಗಳನ್ನು ಬರಿದುಮಾಡಿ ಡೇವಿಯನ್ನರ ನೆಲದ ಮೇಲೇ ಎದುರುದಾಳಿ ನಡೆಸಿದ. ಇಷ್ಟು ಧೈರ್ಯ ಮಾಡಬೇಕಾದರೆ ಹಿಂದೆ ಎಷ್ಟು ಸೈನ್ಯವಿದ್ದೀತೆಂದು ಅಂಜಿ ಹಾನ್ಸ್ ಹಿಂದೆ ಸರಿದ. ಹಿಂದೆ ಏನೂ ಇರಲಿಲ್ಲ.

ಆಮೇಲೆ ಬಂದವರು ಕ್ಲಾನ್ ಎಂದು ತಮ್ಮನ್ನು ಕರೆದುಕೊಳ್ಳುವ ಕುಲಗಳು. 2784ರಲ್ಲಿ ಕಾಣೆಯಾದ ಕೆರೆನ್‌ಸ್ಕಿಯ ಸೈನ್ಯದ ವಂಶಸ್ಥರು ಇವರೇ. ಮೂರು ಶತಮಾನ ಯುದ್ಧವನ್ನೇ ಧರ್ಮವಾಗಿ ಬೆಳೆಸಿಕೊಂಡು, ಪೂರ್ವಿಕರ ಭೂಮಿಯನ್ನು ಗೆಲ್ಲಲು 3050ರಲ್ಲಿ ಮರಳಿದರು. ಅವರ ಯಂತ್ರಗಳ ಎದುರು ಐದು ಮನೆತನಗಳ ತೇಪೆಯ ಯಂತ್ರಗಳು ನಿಲ್ಲಲಿಲ್ಲ. ಹೊಸದಾಗಿ ಹುಟ್ಟಿದ್ದ ರಾಸಲ್‌ಹೇಗ್ ಹೆಚ್ಚುಕಡಿಮೆ ಅಳಿದೇಹೋಯಿತು. ಸ್ಟೈನರರ, ಕುರಿಟಾರ ಲೋಕಗಳು ಒಂದೊಂದಾಗಿ ಬಿದ್ದವು. ಕಾಮ್‌ಸ್ಟಾರ್ ಮೊದಲು ಆಕ್ರಮಣಕಾರರ ಜೊತೆಗೇ ಕೈಜೋಡಿಸಿ, ಗೆದ್ದ ಲೋಕಗಳ ಆಡಳಿತ ನೋಡಿಕೊಳ್ಳುತ್ತಿತ್ತು. ಅವರ ಗುರಿ ತನ್ನ ಮಠವಿರುವ ಭೂಮಿಯೇ ಎಂದು ತಿಳಿದ ಮೇಲೆ ಅದರ ಬಣ್ಣ ಬದಲಾಯಿತು.

ಈ ಭಾಗದಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ವುಲ್ಫ್ಸ್ ಡ್ರಗೂನ್ಸ್ ಎಂಬ ಬಾಡಿಗೆಯ ಪಡೆ. 3005ರಲ್ಲಿ ಎಲ್ಲಿಂದಲೋ ಬಂದ ಇವರು ಮೊದಲು ಡೇವಿಯನ್, ಆಮೇಲೆ ಲಿಯಾವೊ, ಮಾರಿಕ್, ಸ್ಟೈನರ್, ಕೊನೆಗೆ ಕುರಿಟಾ, ಹೀಗೆ ಐವರಲ್ಲೂ ಸರದಿಯಂತೆ ದುಡಿದರು. ಕಾಸಿಗಾಗಿ ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೂ ಅವರು ಐವರ ಬಲಾಬಲ ಅಳೆಯಲು ಕುಲಗಳು ಕಳಿಸಿದ ಬೇಹಿನವರು. ಆದರೆ ಇಲ್ಲಿನ ಅನ್ನ ತಿಂದು, ಇಲ್ಲಿನವರ ಜೊತೆ ಸತ್ತು ಬದುಕಿ, ಅವರ ನಾಯಕ ಜೇಮಿ ವುಲ್ಫ್ ಬದಲಾದ. 3051ರಲ್ಲಿ ಔಟ್‌ರೀಚ್ ಎಂಬ ತಮ್ಮ ನೆಲೆಗೆ ಐದೂ ಮನೆತನದವರನ್ನು ಕರೆದು ತಾವು ಯಾರೆಂದು ಬಾಯಿಬಿಟ್ಟು ಹೇಳಿದ. ಕುಲಗಳ ಎದುರು ಹೋರಾಡುವ ಬಗೆಯನ್ನು ಕಲಿಸುತ್ತೇನೆಂದ. ಅಲ್ಲಿಯೇ ಹಾನ್ಸ್ ಡೇವಿಯನ್ನೂ ಥಿಯೊಡೋರ್ ಕುರಿಟಾನೂ ಪರಸ್ಪರ ಕೈಮಾಡುವುದಿಲ್ಲವೆಂದು ಮಾತು ಕೊಟ್ಟುಕೊಂಡರು.

ಇಲ್ಲಿಗೆ ನನ್ನ ಅಳಿಯ ಪುಸ್ತಕ ಮುಚ್ಚಿ ಎರಡನೆಯ ಪ್ರಶ್ನೆ ಕೇಳಿದ. 3052ರ ಜನವರಿಯಲ್ಲಿ ಎರಡು ಕುಲಗಳು ಕುರಿಟಾರ ರಾಜಧಾನಿಯಾದ ಲೂಥಿಯನ್ ಲೋಕಕ್ಕೇ ಮುತ್ತಿಗೆ ಹಾಕಿದವು. ಹಾನ್ಸ್ ಏನು ಮಾಡಿದ?

ನಾನು ಕೌಟಿಲ್ಯನನ್ನೇ ನೆನೆದು, ತಡಮಾಡದೆ, ಸುಮ್ಮನಿದ್ದ ಎಂದೆ. ಮಾತು ಕೊಟ್ಟದ್ದು ಕೈಮಾಡುವುದಿಲ್ಲ ಎಂದಷ್ಟೇ, ಕೈಹಿಡಿಯುತ್ತೇನೆ ಎಂದಲ್ಲವಲ್ಲ. ಕೆಂಟಾರೆಸ್‌ನಲ್ಲಿ ಕೋಟಿಗಟ್ಟಲೆ ಜನರನ್ನು ಕೊಂದ ಮನೆತನ, ತನ್ನ ಅಣ್ಣನನ್ನು ಕೊಂದ ಮನೆತನ. ಅವರ ಮನೆಗೆ ಬೆಂಕಿ ಬಿದ್ದಿದ್ದರೆ ನೋಡಿ ನಿಲ್ಲುವುದಕ್ಕೇನು?

ಹಾನ್ಸ್ ಸುಮ್ಮನಿರಲಿಲ್ಲ. ತನ್ನ ಧ್ವಜದ ಸೈನ್ಯ ಕುರಿಟಾರ ನೆಲ ತುಳಿದರೆ ಅದನ್ನು ಯಾರೂ ನೆರವೆಂದು ನಂಬಲಾರರೆಂದು ತಿಳಿದಿದ್ದ ಅವನು ಎರಡು ಬಾಡಿಗೆಯ ಪಡೆಗಳನ್ನು ಲೂಥಿಯನ್ ರಕ್ಷಣೆಗೆ ಕಳಿಸಿದ. ಒಂದು, ಇದೇ ಡ್ರಗೂನ್ಸ್. 3028ರಲ್ಲಿ ಕುರಿಟಾರು ಇವರಿಗೆ ದ್ರೋಹ ಬಗೆದಿದ್ದರು. ಆ ಯುದ್ಧದ ಬಳಿಕ ಬಾಡಿಗೆಯ ಸೈನಿಕರು ಕಂಡಲ್ಲಿ ಕೊಲ್ಲಿರೆಂದು ತಾಕಾಶಿ ಆಜ್ಞೆ ಹೊರಡಿಸಿದ್ದ. ಇನ್ನೊಂದು, ಕೆಲ್ ಹೌಂಡ್ಸ್ ಎಂಬ ಪಡೆ. ಅದರ ನಾಯಕ ಮಾರ್ಗನ್ ಕೆಲ್‌ನ ತಮ್ಮ ಪ್ಯಾಟ್ರಿಕ್ 3027ರಲ್ಲಿ ಕುರಿಟಾ ಸೈನಿಕರ ಕೈಯಲ್ಲಿ ಸತ್ತಿದ್ದ. ಕುರಿಟಾರ ಮೇಲೆ ಹಗೆ ಸಾಧಿಸಲು ಕಾರಣವಿದ್ದ ಇಬ್ಬರು, ಹಗೆಯ ಮನೆಯ ಹೊಸ್ತಿಲಲ್ಲಿ ನಿಂತು ಅದನ್ನು ಕಾದರು. ಕುಲಗಳು ಅಲ್ಲಿ ಸೋತವು.

"ಯಾಕೆ ಕಳಿಸಿದ, ಮಾವ?" ಎಂದು ಅವನು ಕೇಳಿದಾಗ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮಲಗಿ ನಕ್ಷೆಯನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿದೆ. ಕುರಿಟಾ ಬಿದ್ದರೆ ಕುಲಗಳ ಗಡಿ ಡೇವಿಯನ್ನರ ಗಡಿಗೆ ತಾಗುತ್ತದೆ. ಮಂಡಲವೇ ತಿರುಗಿಬಿಟ್ಟಿತ್ತು. ನಿನ್ನೆಯ ಅರಿ ಇಂದು ಅಡ್ಡಗೋಡೆ. ಕೌಟಿಲ್ಯ ತಪ್ಪಿರಲಿಲ್ಲ, ನಾನು ಹಳೆಯ ನಕ್ಷೆಯನ್ನು ಇಟ್ಟುಕೊಂಡು ಉತ್ತರ ಹೇಳಿದ್ದೆ. ದ್ವೇಷ ಹಳೆಯದಾದಷ್ಟೂ ಗಟ್ಟಿಯೆಂಬ ನಂಬಿಕೆ ನನ್ನಲ್ಲಿ ಎಷ್ಟು ಆಳವಾಗಿತ್ತೆಂದರೆ ಲೆಕ್ಕವನ್ನೇ ಮಾಡಲಿಲ್ಲ.

ಆ ರಾತ್ರಿ ನಿದ್ದೆ ಬಾರದಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಮೊದಲನೆಯ ಮಹಾಯುದ್ಧದ ಕಾರಣಗಳನ್ನು ಬರೆಸುತ್ತಿದ್ದೆ. ಒಂದು ಕಡೆ ಜರ್ಮನಿ ಮತ್ತು ಆಸ್ಟ್ರಿಯಾ, ಇನ್ನೊಂದು ಕಡೆ ಬ್ರಿಟನ್, ಫ್ರಾನ್ಸ್, ರಷ್ಯಾ. ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, 1898ರಲ್ಲಿ ಫಶೋದಾ ಅನ್ನೋ ಕಡೆ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಆಗೋದರಲ್ಲಿತ್ತಂತೆ. ಆರು ವರ್ಷಕ್ಕೆ ಹೇಗೆ ಸರ್ ದೋಸ್ತಿಗಳಾದರು?" ಎಂದ. ಎಲ್ಲಿ ಓದಿದ್ದನೋ. ಪಾಠಗಳು ಮುಗಿದಿರಲಿಲ್ಲ, ಪರೀಕ್ಷೆ ಹತ್ತಿರವಿತ್ತು. "ಅದು ಪರೀಕ್ಷೆಗೆ ಬರುವುದಿಲ್ಲ, ಬರೆದುಕೋ" ಎಂದೆ. ಅವನು ಕುಳಿತು ಬರೆದುಕೊಂಡ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಇರಲಿ. ಕಥೆ ಇನ್ನೂ ಉಳಿದಿದೆ.

ಲೂಥಿಯನ್ ಉಳಿದ ಆ ವರ್ಷವೇ, ಮೇ ತಿಂಗಳಲ್ಲಿ, ಟುಕಯ್ಯಿದ್ ಎಂಬ ಲೋಕದಲ್ಲಿ ಕಾಮ್‌ಸ್ಟಾರ್ ಸೈನ್ಯ ಏಳು ಕುಲಗಳನ್ನು ಎದುರಿಸಿ ನಿಂತಿತು. ಇಪ್ಪತ್ತೊಂದು ದಿನದ ಕಾಳಗದ ಕೊನೆಗೆ ಕುಲಗಳು ಹದಿನೈದು ವರ್ಷ ಮುಂದೆ ಬರುವುದಿಲ್ಲವೆಂದು ಒಪ್ಪಬೇಕಾಯಿತು. ಆ ಸೈನ್ಯದ ದಂಡನಾಯಕ ಅನಸ್ತೇಸಿಯಸ್ ಫೋಕ್ಟ್ ಎಂಬ ಒಕ್ಕಣ್ಣಿನ ಮುದುಕ. ಅವನ ಹಳೆಯ ಹೆಸರು ಫ್ರೆಡರಿಕ್ ಸ್ಟೈನರ್. ಕತ್ರೀನಾಳ ವಿರುದ್ಧ ಪಿತೂರಿ ಮಾಡಿ ಸಿಕ್ಕಿಬಿದ್ದು, ಪ್ರಾಯಶ್ಚಿತ್ತವೆಂಬಂತೆ ನಾಲ್ಕನೆಯ ಯುದ್ಧದಲ್ಲಿ ಬದುಕಿ ಬರಲಾಗದ ದಾಳಿಗೆ ಹೋದವನು. ಸತ್ತನೆಂದೇ ಲೋಕ ತಿಳಿದಿತ್ತು. ಅವನನ್ನು ಸೆರೆಹಿಡಿದು, ಕೊಲ್ಲದೆ, ಗುಟ್ಟಾಗಿ ಕಾಮ್‌ಸ್ಟಾರ್ ಮಠಕ್ಕೆ ಒಪ್ಪಿಸಿದವನು ಥಿಯೊಡೋರ್ ಕುರಿಟಾ.

ಇನ್ನು ಆ ಮದುವೆಯ ಗತಿ. ಹಾನ್ಸ್ 3052ರಲ್ಲಿ ಹೃದಯಾಘಾತದಿಂದ ತೀರಿಕೊಂಡ. ಮೆಲಿಸ್ಸಾಳನ್ನು 3055ರಲ್ಲಿ ಹೂಗಳ ನಡುವೆ ಬಾಂಬಿಟ್ಟು ಕೊಂದರು. ಐವರು ಮಕ್ಕಳು, ಹಿರಿಯ ವಿಕ್ಟರ್ ಎರಡೂ ರಾಜ್ಯಗಳ ದೊರೆಯಾದ. ಒಡಂಬಡಿಕೆ ಬಯಸಿದ್ದು ಇದನ್ನೇ ಅಲ್ಲವೇ? ಆದರೆ ವಿಕ್ಟರ್ ಒಂದು ತಪ್ಪು ಮಾಡಿದ. ಮಾರಿಕ್ ದೊರೆಯ ಪುಟ್ಟ ಮಗ ಜೋಶುವಾ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆಂದು ಡೇವಿಯನ್ನರ ರಾಜಧಾನಿ ನ್ಯೂ ಅವಲಾನಿನಲ್ಲಿದ್ದ. ಆ ಮಗು ಅಲ್ಲಿದ್ದುದರಿಂದಲೇ ಮಾರಿಕ್ ಮಿತ್ರನಾಗಿದ್ದ. ಮಗು ಸತ್ತಿತು. ವಿಕ್ಟರ್ ಆ ಸಾವನ್ನು ಮುಚ್ಚಿಟ್ಟು ಅದೇ ರೂಪಿನ ಬೇರೊಂದು ಮಗುವನ್ನು ತೋರಿಸಿದ. ಮೂವತ್ತು ವರ್ಷಗಳ ಹಿಂದೆ ಲಿಯಾವೊ ಇದೇ ರೀತಿ ಹಾನ್ಸನ ತದ್ರೂಪಿಯೊಬ್ಬನನ್ನು ಸಿಂಹಾಸನದಲ್ಲಿ ಕೂರಿಸಲು ಹೋಗಿ ಸೋತಿದ್ದ. ತಂದೆಯ ಮೇಲೆ ನಡೆದ ಮೋಸವನ್ನು ಮಗ ಇನ್ನೊಬ್ಬ ತಂದೆಯ ಮೇಲೆ ನಡೆಸಿದ. ಗುಟ್ಟು ಒಡೆಯಿತು. 3057ರಲ್ಲಿ ಮಗನನ್ನು ಕಳೆದುಕೊಂಡ ಮಾರಿಕ್, ಲಿಯಾವೊ ವಂಶದ ಹೊಸ ದೊರೆ ಸುನ್ ತ್ಸು ಜೊತೆ ಸೇರಿ ದಂಡೆತ್ತಿದ. ನೆರೆಯವರಾದ ಆ ಇಬ್ಬರನ್ನು ಕ್ಯಾಪ್ಟೈನ್ ಒಪ್ಪಂದ ಬೆಸೆಯಲಾರದೆ ಹೋಗಿತ್ತು. ಒಂದು ಮಗುವಿನ ಸಾವು ಬೆಸೆಯಿತು.

ಅದೇ ಗಳಿಗೆಗೆ ಕಾದಿದ್ದವಳಂತೆ ವಿಕ್ಟರನ ತಂಗಿ ಕ್ಯಾಥರೀನ್, ಈ ಯುದ್ಧ ನಮ್ಮದಲ್ಲವೆಂದು ಹೇಳಿ ತಾಯಿಯ ಪಾಲಿನ ರಾಜ್ಯವನ್ನು ಬೇರೆಮಾಡಿಕೊಂಡಳು. ಅಜ್ಜಿಯ ಹೆಸರು ಜನರಿಗೆ ಪ್ರಿಯವೆಂದು ತಾನೂ ಕತ್ರೀನಾ ಎಂದು ಕರೆಸಿಕೊಂಡಳು! ಅಜ್ಜಿ ಕಟ್ಟಿದ್ದನ್ನು ಅಜ್ಜಿಯ ಹೆಸರಿನಲ್ಲೇ ಒಡೆದದ್ದು ಹೀಗೆ. ಮುಂದೆ ವಿಕ್ಟರ್ ಕುಲಗಳ ಮೇಲೆ ಯುದ್ಧಕ್ಕೆ ಹೋಗಿದ್ದಾಗ ತಂದೆಯ ರಾಜ್ಯವನ್ನೂ ವಶಮಾಡಿಕೊಂಡಳು. 3062ರಿಂದ 3067ರವರೆಗೆ ಒಡಹುಟ್ಟಿದವರ ಅಂತರ್ಯುದ್ಧ. ವಿಕ್ಟರ್ ಗೆದ್ದ, ಗೆದ್ದು ಪಟ್ಟವನ್ನು ಬಿಟ್ಟುಕೊಟ್ಟ. ಒಂದು ರಾಜ್ಯ ಒಬ್ಬ ತಮ್ಮನಿಗೆ, ಒಂದು ರಾಜ್ಯ ಇನ್ನೊಬ್ಬ ತಂಗಿಗೆ. 3022ಕ್ಕೆ ಮುಂಚೆ ಹೇಗಿತ್ತೋ ಹಾಗೆ, ಎರಡು ತುಂಡು.

ವಿಕ್ಟರ್ ಪ್ರೀತಿಸಿದ್ದು ಥಿಯೊಡೋರ್ ಕುರಿಟಾನ ಮಗಳು ಓಮಿಯನ್ನು. ಔಟ್‌ರೀಚ್‌ನಲ್ಲಿ ಪರಿಚಯವಾದದ್ದು. ಎರಡೂ ಕಡೆಯ ಜನ ಒಪ್ಪಲಾರರೆಂದು ಅವರು ಮದುವೆಯಾಗಲಿಲ್ಲ. ಅಂತರ್ಯುದ್ಧ ನಡೆಯುತ್ತಿರುವಾಗಲೇ ಅವಳನ್ನು ಕೊಲೆಗಾರನೊಬ್ಬ ಕೊಂದ. ಲೆಕ್ಕ ಹಾಕಿ ಮಾಡಿದ ಮದುವೆ ನಡೆಯಿತು, ಲೆಕ್ಕವಿಲ್ಲದ್ದು ನಡೆಯಲಿಲ್ಲ.

ಊರಿಗೆ ಹೊರಡುವ ಬೆಳಿಗ್ಗೆ ನಾನು ಅಳಿಯನನ್ನು ಕೇಳಿದೆ, ಲೂಥಿಯನ್ ಉಪಕಾರವನ್ನು ಕುರಿಟಾರು ಎಷ್ಟು ಕಾಲ ನೆನೆದರು ಎಂದು. ಅವನು ಚೀಲ ಕಟ್ಟುತ್ತಲೇ, "3140ರ ದಶಕದಲ್ಲಿ ಕುರಿಟಾ ಸೈನ್ಯ ನ್ಯೂ ಅವಲಾನನ್ನೇ ಹಿಡಿದುಕೊಂಡಿತು ಮಾವ" ಎಂದ. ಆ ವೇಳೆಗೆ ಅವರ ನಕ್ಷೆ ಇನ್ನೊಮ್ಮೆ ಬದಲಾಗಿತ್ತೇನೋ. ಆ ಪುಸ್ತಕವನ್ನು ಮುಂದಿನ ಸಲ ತರುತ್ತಾನಂತೆ.

ಬ್ರಿಟನ್ 1902ರಲ್ಲಿ ಜಪಾನಿನ ಜೊತೆ ಸಂಧಿ ಮಾಡಿಕೊಂಡಿತ್ತು, ಫ್ರಾನ್ಸಿಗೆ ರಷ್ಯಾ ಮಿತ್ರ. 1904ರ ಫೆಬ್ರವರಿಯಲ್ಲಿ ಜಪಾನೂ ರಷ್ಯಾವೂ ಯುದ್ಧಕ್ಕೆ ಬಿದ್ದವು. ಮಿತ್ರರ ಜಗಳ ತಮ್ಮನ್ನೂ ಎಳೆದುಕೊಂಡೀತೆಂದು ಇಬ್ಬರಿಗೂ ಭಯವಾಯಿತು. ಹಿಂದೆ ಜರ್ಮನಿ ನೌಕಾಪಡೆ ಕಟ್ಟುತ್ತಿತ್ತು. ಈಜಿಪ್ಟ್ ನಿನಗೆ, ಮೊರಾಕೊ ನನಗೆ ಎಂದು ಅದೇ ಏಪ್ರಿಲ್‌ನಲ್ಲಿ ಹಳೆಯ ತಕರಾರುಗಳನ್ನು ಹಂಚಿ ಮುಗಿಸಿದರು. ಮೂರನೆಯ ಬೆಂಚಿನ ಆ ಹುಡುಗ ಎಲ್ಲಿದ್ದಾನೋ ನಾನರಿಯೆ. ಈ ಪುಟ ನಿನ್ನ ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬಾರಪ್ಪ. ಇನ್ನೂ ಹೇಳುವುದು ಬಹಳವಿದೆ, ನಕ್ಷೆ ಬಿಡಿಸಿಯೇ ಹೇಳಬೇಕು.